ಆಡಿ ಮುಗಿಸಿದ ಆಟಗಳು

ಕಾದಂಬರಿಯ ಕೊನೆಯ ಪುಟವನ್ನು ಓದದೆ ಅದರ ಗುಣದೋಷ ಹೇಳುವವರನ್ನು ನಾವು ವಿಮರ್ಶಕರೆನ್ನುವುದಿಲ್ಲ. ನಾಟಕದ ನಡುವೆ ಎದ್ದು ಬಂದವನ ಮಾತಿಗೂ ಅಷ್ಟೇ ಬೆಲೆ. ಆದರೆ ಮಕ್ಕಳ ವಿಡಿಯೋ ಆಟಗಳ ವಿಷಯ ಬಂದಾಗ ಮಾತ್ರ ನಮ್ಮಲ್ಲಿ ಹೆಚ್ಚಿನ ಹಿರಿಯರು ಒಂದು ನಿಮಿಷವೂ ಆಡದೆ ತೀರ್ಪು ಕೊಟ್ಟುಬಿಡುತ್ತಾರೆ. 'ಕಣ್ಣು ಕೆಡುತ್ತದೆ, ಓದು ಹಾಳಾಗುತ್ತದೆ' ಎಂದರೆ ಅವರ ವಿಚಾರಣೆ ಮುಗಿಯಿತು. ಮಕ್ಕಳೋ, 'ಸೂಪರ್' ಎಂಬ ಒಂದೇ ಶಬ್ದದಲ್ಲಿ ಎದುರುವಾದವನ್ನು ಮುಗಿಸುತ್ತಾರೆ. ನಿಜ ಇವೆರಡರ ನಡುವೆ ಎಲ್ಲಿಯೋ ಇರಬೇಕು. ಆದುದರಿಂದ, ನಾವು ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದ ಐದು ಆಟಗಳ ವಿಷಯದಲ್ಲಿ ಮನಸ್ಸಿಗೆ ತೋರಿದುದನ್ನು ವಾಚಕರ ಮುಂದಿಡುತ್ತಿದ್ದೇವೆ. ಮುಗಿಸದ ಆಟದ ಗೊಡವೆ ನಮಗೆ ಬೇಡ.

ಮೆಹದಿಪಟ್ಟಣಂನಲ್ಲಿರುವ ನಮಗೆ ಇದು ಬರಿಯ ಕಾಲಹರಣದ ವಿಷಯವಲ್ಲ. 2009ರಲ್ಲಿ ಪಿ. ವಿ. ನರಸಿಂಹರಾವ್ ಮೇಲುರಸ್ತೆ ತೆರೆದ ಮೇಲೆ ಇಲ್ಲಿ ಮನೆ ಹುಡುಕುವವರಿಗೆ ಅದರ ಕಂಬದ ಸಂಖ್ಯೆಯೇ ವಿಳಾಸವಾಗಿದೆ. ಕಂಬಗಳ ಎರಡೂ ಪಕ್ಕ ಬಸ್ಸು, ಆಟೋ, ಅಂಗಡಿ. ಚಿಣ್ಣಿಕೋಲು ಆಡಲು ಬಯಲೆಲ್ಲಿ? ಹೀಗಾಗಿ ಮಕ್ಕಳ ಆಟ ಬೀದಿಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗೈಯಗಲದ ಪರದೆಗೆ ಬಂದಿದೆ. ಬೀದಿಯಲ್ಲಿ ತೆಲುಗು ಮತ್ತು ದಖನಿ, ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿಯೂ ಇಂಗ್ಲಿಷು. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದ ನಮ್ಮ ಮನೆಗಳಲ್ಲಿ ಕನ್ನಡಕ್ಕೆ ಉಳಿದಿರುವುದು ಊಟದ ಹೊತ್ತು ಮಾತ್ರ. ಆ ಹೊತ್ತಿನಲ್ಲಿಯೂ ಮಗುವಿನ ಕಣ್ಣು ಪರದೆಯ ಮೇಲಿದ್ದರೆ, ಆ ಪರದೆಯಲ್ಲಿ ಏನಿದೆ ಎಂದು ನೋಡುವುದು ಹಿರಿಯರ ಕರ್ತವ್ಯವೇ ಸರಿ.

ಆಟವನ್ನು ಕೀಳೆಂದು ತಿಳಿಯುವುದು ನಮ್ಮ ನಾಡಿನ ಸಂಪ್ರದಾಯವೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಿಲ್ಲಿಸುವ ಸಮಸ್ಯೆಯನ್ನು ಬಿಡಿಸಿದರು. 'ಶ್ರೀತತ್ತ್ವನಿಧಿ'ಯಲ್ಲಿ ದೇವತಾಮೂರ್ತಿಗಳ ಜೊತೆಗೆ ಗಂಜೀಫಾ ಎಲೆಗಳಿಗೂ ಸ್ಥಳ ಕೊಟ್ಟರು. ಅರಸರಿಗೆ ಅಗೌರವವೆನಿಸದ ವಿಷಯ ನಮಗೇಕೆ ಅಗೌರವ?

ಒಂದು ಗಂಟೆಯ ರಾಜಕುಮಾರ

ಮೊದಲು ಹಳೆಯದೊಂದು. 'ಪ್ರಿನ್ಸ್ ಆಫ್ ಪರ್ಶಿಯಾ' 1989ರಲ್ಲಿ ಅಮೆರಿಕೆಯ ಜೋರ್ಡನ್ ಮೆಕ್ನರ್ ಎಂಬಾತ ರಚಿಸಿದ ಆಟ. ಇಂದಿನ ಅಪ್ಪಂದಿರಲ್ಲಿ ಅನೇಕರು ಕಂಪ್ಯೂಟರಿನ ಮುಂದೆ ಮೊದಲ ಸಲ ಕುಳಿತಾಗ ಕಂಡದ್ದು ಇದನ್ನೇ. ಸೆರೆಮನೆಯಿಂದ ಹೊರಟು, ಒಂದೇ ಗಂಟೆಯೊಳಗೆ ದುಷ್ಟ ಮಂತ್ರಿಯನ್ನು ಸೋಲಿಸಿ ರಾಜಕುಮಾರಿಯನ್ನು ಬಿಡಿಸಬೇಕು. ರಾಜಕುಮಾರನ ಓಟ, ನೆಗೆತ, ಅಂಚು ಹಿಡಿದು ಜೋತಾಡುವುದು ಎಲ್ಲವೂ ನಿಜವಾದ ಮನುಷ್ಯನಂತೆಯೇ ಕಾಣುತ್ತವೆ. ಏಕೆಂದರೆ ಮೆಕ್ನರ್ ತನ್ನ ತಮ್ಮನನ್ನೇ ಓಡಿಸಿ, ಹಾರಿಸಿ, ಚಿತ್ರ ತೆಗೆದು, ಅದರ ಮೇಲಿಂದ ಈ ಬೊಂಬೆಯನ್ನು ಬರೆದನು.

ಇದರ ದೋಷ ಮೊದಲು ಹೇಳುತ್ತೇವೆ. ಒಂದು ಹೆಜ್ಜೆ ತಪ್ಪಿದರೆ ಮುಳ್ಳಿನ ಮೇಲೆ ಬೀಳುವುದೇ. ಎಷ್ಟೋ ಕಡೆ ಸತ್ತಲ್ಲದೆ ದಾರಿ ತಿಳಿಯುವುದಿಲ್ಲ. ತಾಳ್ಮೆಯಿಲ್ಲದವರಿಗೆ ಇದು ಹೇಳಿಸಿದ ಆಟವಲ್ಲ. ಆದರೆ ಕೊನೆಗೆ ಬಂದಾಗ ಒಂದು ಅಪೂರ್ವ ಸಂಗತಿ ಇದೆ. ದಾರಿಯಲ್ಲಿ ಕನ್ನಡಿಯೊಂದನ್ನು ಭೇದಿಸಿ ಹಾರಿದಾಗ ನಾಯಕನ ನೆರಳು ಬೇರೆಯಾಗಿ ಓಡಿಹೋಗಿರುತ್ತದೆ. ಕಡೆಯಲ್ಲಿ ಅದೇ ನೆರಳು ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ನಮಗೇ. ಕತ್ತಿಯನ್ನು ಒರೆಗೆ ಸೇರಿಸಿ ಮುಂದೆ ನಡೆದರೆ ನೆರಳು ನಮ್ಮಲ್ಲಿ ಲೀನವಾಗುತ್ತದೆ. ಆಟದುದ್ದಕ್ಕೂ ಹೊಡೆಯುವುದನ್ನೇ ಕಲಿತ ಕೈ ಇಲ್ಲಿ ಹೊಡೆಯದಿರುವುದನ್ನು ಕಲಿಯಬೇಕು. ಮುಗಿಸದವರಿಗೆ ಈ ಪಾಠ ಸಿಕ್ಕುವುದಿಲ್ಲ.

ಕಣ್ಣಿಗೆ ಹಬ್ಬ, ಕೈಗೆ ಬಿಡುವು

ಲಂಡನ್ನಿನ ಅಸ್‌ಟೂ ಸಂಸ್ಥೆಯ 'ಮಾನ್ಯುಮೆಂಟ್ ವ್ಯಾಲಿ' 2014ರದು. ಆಗದ ಹೋಗದ ಕಟ್ಟಡಗಳು: ಇಲ್ಲಿ ಹತ್ತಿದ ಮೆಟ್ಟಿಲು ಅಲ್ಲಿ ಇಳಿಯುತ್ತದೆ, ಗೋಪುರವನ್ನು ತಿರುಗಿಸಿದರೆ ದೂರದ ಎರಡು ದಾರಿಗಳು ಕೂಡಿಕೊಳ್ಳುತ್ತವೆ. ಡಚ್ ಕಲಾವಿದ ಎಷರ್‌ನ ಚಿತ್ರಗಳನ್ನು ನೋಡಿದವರಿಗೆ ಇದರ ಮೂಲ ತಿಳಿಯುತ್ತದೆ. ಇದರಲ್ಲಿ ಕೊಲ್ಲುವುದಿಲ್ಲ, ಸಾಯುವುದಿಲ್ಲ. ಅಜ್ಜಿ ಮೊಮ್ಮಗಳು ಒಂದೇ ಪರದೆಗೆ ಬಾಗಿ ಆಡಬಹುದು. ಆದರೆ ಹತ್ತು ಅಧ್ಯಾಯಗಳು ಒಂದು ಸಂಜೆಗೇ ಮುಗಿದುಹೋಗುತ್ತವೆ. ಕಷ್ಟವೂ ಹೆಚ್ಚಿಲ್ಲ. ಸಿಹಿ ಚೆನ್ನಾಗಿದೆ, ಊಟ ಸಾಲದು ಎನ್ನಬಹುದು.

ಹೈದರಾಬಾದಿನ ಅಸುರ

ನಮ್ಮೂರಿನಲ್ಲಿಯೇ ಹುಟ್ಟಿದ ಆಟವೂ ಒಂದಿದೆ. ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೋ 2017ರಲ್ಲಿ ಹೊರತಂದ 'ಅಸುರ'. ದೇವತೆಗಳಿಂದ ವಂಚಿತನಾದ ಅಸುರ ಸೇಡು ತೀರಿಸಲು ಹೊರಡುತ್ತಾನೆ. ಆಡುವವರು ಅಸುರನ ಪಕ್ಷ. ಇದನ್ನು ಕೇಳಿ ಹುಬ್ಬು ಗಂಟಿಕ್ಕಬೇಕಾಗಿಲ್ಲ. ರನ್ನನ ದುರ್ಯೋಧನನಿಗೂ ನಾಗಚಂದ್ರನ ರಾವಣನಿಗೂ ಕಣ್ಣೀರು ಸುರಿಸಿದ ಜನ ನಾವು.

ಇದರಲ್ಲಿ ಸತ್ತರೆ ಮತ್ತೆ ಮೊದಲಿನಿಂದಲೇ ಆರಂಭ. ಅದೂ ಅಲ್ಲದೆ, ನಾಯಕ ಗಳಿಸಿಕೊಳ್ಳುವ ವಿದ್ಯೆಗಳ ಪಟ್ಟಿ ಪ್ರತಿ ಸಲವೂ ಬದಲಾಗುವುದರಿಂದ ಹಳೆಯ ಪಾಠ ಒಪ್ಪಿಸಿ ಪಾರಾಗುವಂತಿಲ್ಲ. ಈ ಯೋಚನೆ ನಿಜಕ್ಕೂ ಜಾಣತನದ್ದು. ಆದರೆ ನಮ್ಮೂರಿನದೆಂಬ ಅಭಿಮಾನಕ್ಕೆ ಸುಳ್ಳು ಹೇಳಲಾರೆವು. ಕಥೆ ತೆಳುವು, ಅಸುರನ ಅಂತರಂಗದ ನೋವು ಕಾಣುವುದಿಲ್ಲ. ಬರಿಯ ಕಡಿದಾಟವೇ ಹೆಚ್ಚು. ಗದಾಯುದ್ಧದಲ್ಲಿ ಗದೆ ಮಾತ್ರ ಉಳಿದು ಕಾವ್ಯ ಹೋದಂತೆ. ರಕ್ತದ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳಿಗೆ ಕೊಡತಕ್ಕದ್ದಲ್ಲ. ಕಾಲೇಜು ಓದುವವರಿಗೆ ಅಡ್ಡಿಯಿಲ್ಲ.

ತೊಗಲುಗೊಂಬೆಯ ತಂಗಿ

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡ 2020ರಲ್ಲಿ 'ರಾಜಿ' ಎಂಬ ಆಟವನ್ನು ಹೊರತಂದಿತು. 2017ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟದೆ, ಎದೆಗುಂದದೆ ಮುಗಿಸಿದ ಕೆಲಸವಿದು. ಸರ್ಕಸ್ಸಿನ ಹುಡುಗಿ ರಾಜಿ, ರಾಕ್ಷಸರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡುತ್ತಾಳೆ. ಒಬ್ಬ ಅಕ್ಕನ ಪ್ರೀತಿ ಇಡೀ ಆಟಕ್ಕೆ ಆಧಾರ. ದುರ್ಗೆ ತ್ರಿಶೂಲ ಕೊಡುತ್ತಾಳೆ, ವಿಷ್ಣು ಬಿಲ್ಲು ಕೊಡುತ್ತಾನೆ. ರಾಜಸ್ಥಾನದ ಕೋಟೆಗಳು, ಪಹಾಡಿ ಚಿತ್ರಗಳ ಬಣ್ಣ, ನಡುನಡುವೆ ತೊಗಲುಗೊಂಬೆಯಾಟದ ರೀತಿಯ ಕಥನ—ಕನ್ನಡ ಕಣ್ಣಿಗೆ ಇದು ಪರಕೀಯವೆನಿಸುವುದೇ ಇಲ್ಲ.

ದೋಷಗಳೂ ಇವೆ. ನೋಟವನ್ನು ನಾವೇ ತಿರುಗಿಸುವಂತಿಲ್ಲದ ಕಾರಣ ನೆಗೆಯುವಾಗ ಅಂದಾಜು ತಪ್ಪುತ್ತದೆ. ಹೋರಾಟ ಕೆಲವು ಕಡೆ ಒಂದೇ ಬಗೆಯದು. ಎಲ್ಲಕ್ಕಿಂತ ದೊಡ್ಡ ಕೊರತೆ ಮುಕ್ತಾಯ: ಇನ್ನೇನು ಕಥೆ ಏರಬೇಕು ಎನ್ನುವಾಗಲೇ ಪರದೆ ಬೀಳುತ್ತದೆ. ಮೊದಲು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದ ದುರ್ಗೆ, ವಿಷ್ಣುಗಳಿಗೆ 2022ರ ಪರಿಷ್ಕೃತ ಆವೃತ್ತಿಯಲ್ಲಿ ಹಿಂದಿ ಬಂದಿತು. ಇಷ್ಟೆಲ್ಲ ಹೇಳಿಯೂ, ಹೆಣ್ಣುಮಕ್ಕಳಿರುವ ಮನೆಯವರು ಒಮ್ಮೆ ಆಡಬೇಕಾದ ಆಟವಿದು.

ಇಡ್ಲಿಯ ತಟ್ಟೆ, ಅಮ್ಮನ ಪುಸ್ತಕ

ಕೊನೆಯದಾಗಿ, ನಮ್ಮನ್ನು ಅತ್ಯಂತ ಕಲಕಿದ ಆಟ. ಕೆನಡಾದ ಟೊರೊಂಟೊ ನಗರದ ವಿಸೈ ಗೇಮ್ಸ್ 2023ರಲ್ಲಿ ಪ್ರಕಟಿಸಿದ 'ವೆಂಬಾ'. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಂಬಾ, ಪಾವಲನ್ ದಂಪತಿಗಳ ಸಂಸಾರದ ಕಥೆ. ಇದರಲ್ಲಿ ಕತ್ತಿಯಿಲ್ಲ, ರಾಕ್ಷಸನಿಲ್ಲ. ಇರುವುದು ಒಲೆ, ಪಾತ್ರೆ ಮತ್ತು ತಾಯಿ ಕೊಟ್ಟ ಅಡಿಗೆಯ ಪುಸ್ತಕ. ಪುಸ್ತಕ ಅಲ್ಲಲ್ಲಿ ಹರಿದು ಅಳಿಸಿಹೋಗಿದೆ. ಉಳಿದುದನ್ನು ಆಡುವವರು ಯೋಚಿಸಿ ತುಂಬಬೇಕು. ಇಡ್ಲಿ ತಟ್ಟೆಗಳನ್ನು ಆವಿ ಆಡುವಂತೆ ಹೇಗೆ ಒಂದರ ಮೇಲೊಂದು ಇಡಬೇಕು ಎಂಬುದೇ ಮೊದಲ ಸಮಸ್ಯೆ! ನಮ್ಮ ತಾಯಂದಿರು ಒಂದು ಗಳಿಗೆಯಲ್ಲಿ ಗೆಲ್ಲುವರು.

ಆದರೆ ನಿಜವಾದ ಸಮಸ್ಯೆ ಒಲೆಯ ಮೇಲಿಲ್ಲ. ಮಗ ಕವಿನ್ ಬೆಳೆಯುತ್ತಾನೆ. ತಾಯಿ ತಮಿಳಿನಲ್ಲಿ ಕೇಳುತ್ತಾಳೆ, ಮಗ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅವನಿಗೆ ತಿಳಿಯದ ಮಾತು ಪರದೆಯ ಮೇಲೆ ಮಸುಕಾಗಿ ಕಾಣುತ್ತದೆ. ಅಮ್ಮ ಎದುರಿಗೇ ಇದ್ದಾಳೆ, ಅವಳ ಮಾತು ಮಾತ್ರ ಓದಲು ಬಾರದು! ಇದನ್ನು ನೋಡಿ ಸುಮ್ಮನಿರುವುದು ನಮಗೆ ಕಷ್ಟವಾಯಿತು. ಹಿನ್ನೆಲೆಯ ರೇಡಿಯೋದಲ್ಲಿ ಆಯಾ ಕಾಲದ ತಮಿಳು ಚಿತ್ರಗೀತೆಗಳ ಧಾಟಿಯ ಹಾಡುಗಳು ಬೇರೆ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದನ್ನು ವರ್ಷದ ಶ್ರೇಷ್ಠ ಚೊಚ್ಚಲ ಆಟವೆಂದು ಮನ್ನಿಸಿತು. ಆಕ್ಷೇಪಣೆಯೂ ಒಂದಿದೆ: ಎರಡು ಗಂಟೆಯೊಳಗೆ ಮುಗಿಯುತ್ತದೆ, ಅಡಿಗೆಯ ಒಗಟುಗಳು ಸುಲಭ. ಬೆಲೆಗೆ ತಕ್ಕಷ್ಟು ಹೊತ್ತು ಆಟ ಬೇಕೆನ್ನುವವರಿಗೆ ನಿರಾಶೆಯಾದೀತು. ನಮಗೆ ಆಗಲಿಲ್ಲ.

ಕೊನೆಯಿಲ್ಲದ ಆಟಗಳು

ಮುಗಿಯುವ ಆಟಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೊನೆಯುಳ್ಳ ಆಟ ಮಗುವನ್ನು ಒಂದು ದಿನ ಬಿಟ್ಟುಕೊಡುತ್ತದೆ. ಕೊನೆಯಿಲ್ಲದ್ದು ದಿನದಿನವೂ ಹೊಸ ಬಹುಮಾನದ ಆಸೆ ತೋರಿಸಿ ಕರೆಯುತ್ತಲೇ ಇರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಾತಂತೂ ಬೇರೆಯೇ: ತೆಲಂಗಾಣ 2017ರಲ್ಲಿಯೇ ಅವನ್ನು ನಿಷೇಧಿಸಿತು, 2025ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಮಾಡಿತು. ಜೂಜಿಗೂ ಆಟಕ್ಕೂ ಇರುವ ಅಂತರವನ್ನು ಪಗಡೆಯ ಕಥೆ ಬಲ್ಲ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ತಂದೆ ತಾಯಂದಿರಲ್ಲಿ ನಮ್ಮ ಸೂಚನೆ ಇಷ್ಟೇ. ಆಟ ಕೊಡುವ ಮೊದಲು 'ಇದಕ್ಕೆ ಕೊನೆಯುಂಟೆ?' ಎಂದು ಕೇಳಿರಿ. ಮುಗಿದ ದಿನ, ಊಟಕ್ಕೆ ಕುಳಿತಾಗ, ಅದರ ಕಥೆಯನ್ನು ಮಗುವಿನಿಂದ ಕನ್ನಡದಲ್ಲಿ ಹೇಳಿಸಿರಿ. ನೆಗೆತಕ್ಕೆ, ಅಂಚಿಗೆ, ನೆರಳಿಗೆ ಕನ್ನಡ ಮಾತು ಸಿಕ್ಕದೆ ಅದು ತಡವರಿಸಿದಾಗ ನಗದೆ ಒದಗಿಸಿಕೊಡಿರಿ. 'ನಿನಗೇನು ಹಿಡಿಸಲಿಲ್ಲ?' ಎಂದೂ ಕೇಳಿರಿ. ಮೆಚ್ಚುವುದಕ್ಕಿಂತ ಕಾರಣ ಕೊಟ್ಟು ಮೆಚ್ಚದಿರುವುದಕ್ಕೆ ಹೆಚ್ಚು ಭಾಷೆ ಬೇಕು. ನಮ್ಮ ಮನೆಯಲ್ಲಿ ಈ ಕ್ರಮ ನಡೆದಿದೆ, ಕೆಲವು ದಿನ ಊಟ ಆರಿಹೋಗುವಷ್ಟು ವಾದವೂ ನಡೆದಿದೆ.

ತಮಿಳು ತಾಯಿಯೊಬ್ಬಳ ಇಡ್ಲಿ ಪಾತ್ರೆ ಜಗತ್ತಿನ ಮನ ಗೆದ್ದಿತು. ಜೋಳದ ರೊಟ್ಟಿ ಬಡಿಯುವ ಅವ್ವನ ಕಥೆ ಅದಕ್ಕೇನು ಕಡಿಮೆ? ಅದನ್ನು ಆಟವಾಗಿ ಕಟ್ಟುವವರು ಈ ಮೇಲುರಸ್ತೆಯ ಕಂಬಗಳ ಪಕ್ಕದ ಮನೆಗಳಲ್ಲಿಯೇ ಬೆಳೆಯುತ್ತಿರಬಹುದು. ಅವರಿಗೆ ಅವ್ವನ ಮಾತು ಮಸುಕಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಪಾಲಿನ ಕೆಲಸ.