ನಿಮಗಿದು ಗೊತ್ತೆ? ಎಳೆಯ ಬೆಕ್ಕಿನ ಮರಿಗೆ ಚಿಗಟದ ಔಷಧಿಯೇ ಅಪಾಯ
ಹುಟ್ಟಿದಾಗ ಬೆಕ್ಕಿನ ಮರಿಯ ತೂಕ ಸುಮಾರು 100 ಗ್ರಾಂ. ಅಷ್ಟು ಪುಟ್ಟ ಮೈಗೆ ಚಿಗಟಗಳು ಮುತ್ತಿಕೊಂಡರೆ ರಕ್ತಹೀನತೆಯಿಂದ ಮರಿ ಸಾಯಲೂಬಹುದು. ವಸಡು ಬಿಳಿಚಿಕೊಂಡಿದ್ದರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ.

8 ವಾರ ತುಂಬದ ಮರಿಗಳಿಗೆ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಚಿಗಟದ ಔಷಧಿಗಳು ಸಲ್ಲವು. ನಾಯಿಗೆಂದು ತಂದ ಪರ್ಮೆಥ್ರಿನ್ ಬೆರೆತ ಔಷಧಿಯಂತೂ ಯಾವ ವಯಸ್ಸಿನ ಬೆಕ್ಕಿಗೂ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಫಿನಾಯಿಲ್, ಕರ್ಪೂರ, ನುಸಿಗುಳಿಗೆಗಳನ್ನೂ ದಯವಿಟ್ಟು ದೂರವಿಡಿ.

ಹಾಗಾದರೆ ಏನು ಮಾಡಬೇಕು? ಹೇನು ಬಾಚುವ ಸಣ್ಣ ಹಲ್ಲಿನ ಹಣಿಗೆ ಸಾಕು. ಮೆಲ್ಲಗೆ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಅದ್ದಿದರೆ ಮುಳುಗಿ ಸಾಯುತ್ತವೆ. ತುಂಬಾ ಇದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು ಹಾಕಿ ತೊಳೆಯಬಹುದು. ಮೊದಲು ಕುತ್ತಿಗೆಯ ಸುತ್ತ ನೊರೆ ಹಚ್ಚಿ, ಇಲ್ಲದಿದ್ದರೆ ಚಿಗಟಗಳು ಮುಖದತ್ತ ಓಡುತ್ತವೆ. ತಲೆ ನೆನೆಸಬೇಡಿ. ಎಳೆಯ ಮರಿಗೆ ಮೈಬಿಸಿ ಕಾಪಾಡಿಕೊಳ್ಳಲು ಬಾರದು, ಕೂಡಲೇ ಒರೆಸಿ ಬೆಚ್ಚಗಿಡಿ.

ಚಿಗಟದ ಮೊಟ್ಟೆಗಳು ಮೈಯಿಂದ ಉದುರಿ ಹಾಸಿಗೆ ಸೇರುತ್ತವೆ. ಹಾಸುಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಹಾಲೂಡುವ ತಾಯಿ ಬೆಕ್ಕಿಗೆ ಯಾವ ಔಷಧಿ ಆಗುತ್ತದೆಂದು ವೈದ್ಯರನ್ನೇ ಕೇಳಿ.