ಚರ್ಮದೊಳಗಿನ ಹುಲಿ

ತೋಳಿನ ಮೇಲೆ ಫೋಟೊದಷ್ಟು ನೈಜವಾಗಿ ಮೂಡುವ ಕಪ್ಪು-ಬೂದು ಹುಲಿಯ ಟ್ಯಾಟೂವಿನಲ್ಲಿ ಬೂದು ಬಣ್ಣ ಸಾಮಾನ್ಯವಾಗಿ ಇರುವುದೇ ಇಲ್ಲ. ಇರುವುದು ಕಪ್ಪು ಒಂದೇ: ದ್ರವದಲ್ಲಿ ತೇಲುವ ಇಂಗಾಲದ ಸೂಕ್ಷ್ಮ ಕಣಗಳು. ಕಲಾವಿದರು ಅದಕ್ಕೆ ಬಟ್ಟಿ ಇಳಿಸಿದ ನೀರು ಬೆರೆಸಿ ಗಟ್ಟಿ, ಮಧ್ಯಮ, ತೆಳು ಎಂದು ಮೂರು ನಾಲ್ಕು ಪುಟ್ಟ ಬಟ್ಟಲುಗಳಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತಾರೆ. ತೆಳು ಮಸಿ ಇಳಿದ ಕಡೆ ಕಣಗಳು ವಿರಳ. ಅವುಗಳ ಕಪ್ಪೂ ನಡುವೆ ಇಣುಕುವ ಚರ್ಮದ ಬಣ್ಣವೂ ನೋಡುವವರ ಕಣ್ಣಿನಲ್ಲಿ ಬೆರೆತು ಬೂದಾಗುತ್ತದೆ. ಪತ್ರಿಕೆಯ ಕಪ್ಪು-ಬಿಳುಪು ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಈ ಉಪಾಯ ಪರಿಚಿತ. ಹುಲಿಯ ಕೆನ್ನೆಯ ಬಿಳಿ ಕೂದಲನ್ನು ಇಲ್ಲಿ ಬರೆಯುವುದಿಲ್ಲ. ಸುತ್ತ ಕಪ್ಪು ತುಂಬಿ, ಅದನ್ನು ಮುಟ್ಟದೆ ಉಳಿಸುತ್ತಾರೆ.

ಪ್ರಾಣಿಗಳನ್ನು ಕಪ್ಪಿನಲ್ಲೇ ಚುಚ್ಚುವ ರೂಢಿ ಬಹಳ ಹಳೆಯದು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಈಜಿಪ್ಟಿನ ಗೆಬೆಲೀನ್‌ನಲ್ಲಿ ಸಿಕ್ಕ ಐದು ಸಾವಿರ ವರ್ಷಗಳಿಗೂ ಹಳೆಯ ಪುರುಷನ ಶವದ ತೋಳಿನಲ್ಲಿ ಕಪ್ಪು ಕಲೆಯೊಂದಿತ್ತು. ಅದಕ್ಕೆ ದಶಕಗಳ ಕಾಲ ಯಾರೂ ಮಹತ್ವ ಕೊಟ್ಟಿರಲಿಲ್ಲ. ಅವಕೆಂಪು ಬೆಳಕಿನಲ್ಲಿ ನೋಡಿದಾಗ ಅದು ಕಾಡುಹೋರಿ ಮತ್ತು ಕಾಡುಕುರಿಯ ಹಚ್ಚೆಯೆಂದು ತಿಳಿದು, 2018ರಲ್ಲಿ ಪ್ರಕಟವಾಯಿತು. ವಿದ್ಯುತ್ ಯಂತ್ರ ಬಂದದ್ದು ತೀರ ಈಚೆಗೆ. ಎಡಿಸನ್‌ನ ವಿದ್ಯುತ್ ಲೇಖನಿಯ ತತ್ತ್ವವನ್ನು ಆಧರಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂದಿನ ಕಪ್ಪು-ಬೂದು ಶೈಲಿ ಮಾತ್ರ ಕ್ಯಾಲಿಫೋರ್ನಿಯಾದ ಜೈಲುಗಳ ಕೂಸು. ಬಣ್ಣದ ಮಸಿ ಸಿಗದ ಮೆಕ್ಸಿಕನ್ ಮೂಲದ ಕೈದಿಗಳು ಕ್ಯಾಸೆಟ್ ಪ್ಲೇಯರಿನ ಮೋಟಾರಿಗೆ ಗಿಟಾರ್ ತಂತಿಯನ್ನು ಸೂಜಿಯಾಗಿ ಕಟ್ಟಿ, ಹೊಗೆಮಸಿಯಿಂದ ಭಾವಚಿತ್ರಗಳನ್ನೇ ಬಿಡಿಸಿದರು. 1975ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನಲ್ಲಿ ತೆರೆದ 'ಗುಡ್ ಟೈಮ್ ಚಾರ್ಲೀಸ್' ಎಂಬ ಅಂಗಡಿ ಆ ನವಿರು ಗೆರೆಯನ್ನು ಜೈಲಿನಾಚೆಗೆ ತಂದಿತು.

ಹುಲಿ ಬೇಕೆಂದು ಬರುವ ಗಿರಾಕಿಯೊಂದಿಗೆ ಮೊದಲ ಚರ್ಚೆ ಅಳತೆಯದು. ಮಣಿಕಟ್ಟಿನ ಮೇಲೆ ಪುಟ್ಟದೊಂದು ಸಾಕು ಎನ್ನುವವರೇ ಹೆಚ್ಚು. ಅನುಭವಿ ಕಲಾವಿದರು ಒಪ್ಪುವುದಿಲ್ಲ. ವರ್ಷಗಳು ಉರುಳಿದಂತೆ ಮಸಿ ಒಂದಿಷ್ಟು ಹರಡಿಯೇ ತೀರುತ್ತದೆ, ಒತ್ತೊತ್ತಾಗಿ ಎಳೆದ ಮೀಸೆಗೂದಲು ಕೂಡಿಕೊಂಡು ಕಪ್ಪು ಮಚ್ಚೆಯಾಗುತ್ತದೆ. ಅಂಗೈಗಿಂತ ದೊಡ್ಡ ಜಾಗ ಸಿಕ್ಕರೆ ಮಾತ್ರ ಕೂದಲ ನಡುವಿನ ತೆರಪು ಉಳಿದೀತು. ಜಾಗ ಗೊತ್ತಾದ ಮೇಲೆ ಒಳ್ಳೆಯ ಫೋಟೊದಿಂದ ನೇರಳೆ ಬಣ್ಣದ ಸ್ಟೆನ್ಸಿಲ್ ತೆಗೆದು, ಬೋಳಿಸಿದ ಚರ್ಮಕ್ಕೆ ಒತ್ತುತ್ತಾರೆ. ಬಲಗೈಯವರು ಕೆಳಗಿನ ಬಲ ಮೂಲೆಯಿಂದ ಕೆಲಸ ಶುರುಮಾಡುವುದು ವಾಡಿಕೆ. ಮೇಲಿನಿಂದ ಹೊರಟರೆ ಒಸರುವ ಮಸಿಯನ್ನು ಒರೆಸುವಾಗ ಕೆಳಗಿನ ಸ್ಟೆನ್ಸಿಲ್ಲೂ ಅಳಿಸಿಹೋಗುತ್ತದೆ.

ಕಣ್ಣಿನಲ್ಲಿ ಎಡವುವವರು ಬಹಳ. ಮನೆಬೆಕ್ಕಿನ ನೆನಪಿನಲ್ಲಿ ಹುಲಿಗೂ ಸೀಳಿನಂಥ ಪಾಪೆ ಬರೆದ ಟ್ಯಾಟೂಗಳಿಗೆ ಲೆಕ್ಕವಿಲ್ಲ. ಹುಲಿ, ಸಿಂಹಗಳ ಪಾಪೆ ಮನುಷ್ಯರದರಂತೆ ದುಂಡಗೆ. ನಿಂತ ಸೀಳು ನೆಲಕ್ಕೆ ಹತ್ತಿರವಿದ್ದು ಹೊಂಚುಹಾಕುವ ಸಣ್ಣ ಬೇಟೆಗಾರ ಪ್ರಾಣಿಗಳ ಲಕ್ಷಣ. ಮೀಸೆಯೂ ಮನಸ್ಸಿಗೆ ಬಂದಲ್ಲಿ ಹುಟ್ಟುವುದಿಲ್ಲ. ಮೇಲ್ದುಟಿಯ ಕಪ್ಪು ಚುಕ್ಕೆಗಳ ಸಾಲಿನಿಂದಲೇ ಹೊರಡುತ್ತದೆ.

ಯಂತ್ರದ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ. ಗೆರೆಗೆ ದುಂಡಗೆ ಕಟ್ಟಿದ, ಶೇಡಿಂಗಿಗೆ ಬಾಚಣಿಗೆಯಂತೆ ಹರಡಿದ ಗಟ್ಟಿ ಸೂಜಿಗಳ ಗೊಂಚಲು ಅದು. ಸೂಜಿಗಳ ಸಂದಿನಲ್ಲಿ ಅಂಟಿ ನಿಂತ ಮಸಿ, ಚುಚ್ಚಿದ ರಂಧ್ರದೊಳಕ್ಕೆ ಸೇರಿಕೊಳ್ಳುತ್ತದೆ. ಗೊಂಚಲು ಸೆಕೆಂಡಿಗೆ ನೂರರ ಆಸುಪಾಸು ಬಾರಿ ಏರಿಳಿದು, ಒಂದೆರಡು ಮಿಲಿಮೀಟರ್ ಆಳಕ್ಕೆ ಹೋಗುತ್ತದೆ. ಹೊರಚರ್ಮದಲ್ಲೇ ನಿಂತ ಮಸಿ ಕೆಲವೇ ವಾರಗಳಲ್ಲಿ ಸತ್ತ ಪದರದೊಂದಿಗೆ ಉದುರುತ್ತದೆ. ತೀರ ಆಳಕ್ಕೆ, ಕೊಬ್ಬಿನ ಪದರಕ್ಕೆ ಇಳಿದರೆ ಮಬ್ಬಾಗಿ ಹಬ್ಬುತ್ತದೆ. ಉಳಿಯುವುದು ಇವೆರಡರ ನಡುವಿನ ಒಳಚರ್ಮದಲ್ಲಿ ಮಾತ್ರ. ಕೂದಲು ಮೂಡಿಸುವಾಗ ಕಲಾವಿದರು ಬುಡದಲ್ಲಿ ಒತ್ತಿ, ತುದಿಯ ಕಡೆಗೆ ಕೈಯನ್ನು ಚಿಮ್ಮಿ ಎತ್ತಿಬಿಡುತ್ತಾರೆ. ಆಗ ಗೆರೆ ತಾನೇ ತೆಳುವಾಗಿ ಕರಗುತ್ತದೆ.

ಇಷ್ಟಾದ ಮೇಲೆ ಮಸಿ ಬಟ್ಟೆಗೆ ಹತ್ತಿದ ಕಲೆಯ ಹಾಗೆ ಚರ್ಮಕ್ಕೆ ಹತ್ತಿ ಕೂತಿತು ಎಂಬುದು ಎಲ್ಲರ ನಂಬಿಕೆ. ಅದು ತಪ್ಪು. ದೇಹಕ್ಕೆ ಟ್ಯಾಟೂ ಎಂದರೆ ಕೊಳೆ ಹೊಕ್ಕ ಗಾಯ. ಕೊಳೆ ಗುಡಿಸಲು ಭಕ್ಷಕ ಕೋಶಗಳು, ಅಂದರೆ ಮ್ಯಾಕ್ರೋಫೇಜ್‌ಗಳು, ಇಂಗಾಲದ ಕಣಗಳನ್ನು ನುಂಗುತ್ತವೆ. ಬ್ಯಾಕ್ಟೀರಿಯಾವನ್ನು ಕರಗಿಸಬಲ್ಲ ಈ ಕೋಶಗಳಿಗೆ ಇಂಗಾಲ ಜೀರ್ಣವಾಗದು. ನುಂಗಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂರುತ್ತವೆ. ಆದರೆ ಅವೂ ಸಾಯುತ್ತವೆ. ಹಾಗಾದರೆ ಚಿತ್ರ ಉಳಿಯುವುದು ಹೇಗೆ? ಫ್ರಾನ್ಸಿನ ಮಾರ್ಸೇಯ್ ನಗರದ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಟ್ಯಾಟೂ ಹಾಕಿ, ಮಸಿ ಹಿಡಿದವೂ ಸೇರಿದಂತೆ ಅಲ್ಲಿನ ಭಕ್ಷಕ ಕೋಶಗಳನ್ನು ಆಯ್ದು ಕೊಂದರು. ಟ್ಯಾಟೂ ಮಾಸಲಿಲ್ಲ! ಸತ್ತ ಕೋಶ ಬಿಟ್ಟ ಕಣಗಳನ್ನು ಹೊಸದಾಗಿ ಬಂದ ಕೋಶಗಳು ಅಲ್ಲಲ್ಲೇ ನುಂಗಿದ್ದವು. ಟ್ಯಾಟೂ ಇರುವ ಚರ್ಮದ ತುಣುಕನ್ನು ಇನ್ನೊಂದು ಇಲಿಗೆ ಕಸಿ ಮಾಡಿದಾಗಲೂ, ಆರು ವಾರಗಳ ಬಳಿಕ ಮಸಿ ಹಿಡಿದಿದ್ದ ಹೆಚ್ಚಿನ ಕೋಶಗಳು ಹೊಸ ಇಲಿಯವೇ ಆಗಿದ್ದವು. 2018ರಲ್ಲಿ ಹೊರಬಂದ ಈ ಅಧ್ಯಯನದ ಪ್ರಕಾರ, ಶಾಶ್ವತವಾಗಿ ಕಾಣುವ ಹುಲಿ ಕೋಶದಿಂದ ಕೋಶಕ್ಕೆ ಹಸ್ತಾಂತರವಾಗುತ್ತಲೇ ಇರುತ್ತದೆ. ಒಂದಷ್ಟು ಕಣಗಳು ತಪ್ಪಿಸಿಕೊಂಡು ದುಗ್ಧರಸ ಗ್ರಂಥಿಗಳನ್ನು ಸೇರಿ ಅವನ್ನೂ ಕಪ್ಪಾಗಿಸುತ್ತವೆ. ಸತ್ತವರ ಜೊತೆ ಪರಲೋಕಕ್ಕೆ ಹೋಗುವುದು ಹಚ್ಚೆಯೊಂದೇ ಎಂದು ಹಳ್ಳಿಗಳಲ್ಲಿ ಹೇಳುವುದುಂಟು. ಅದು ಹೋಗುವುದು ಕಂಕುಳ ಗ್ರಂಥಿಯವರೆಗೆ ಮಾತ್ರ.

ಅಜ್ಜಿಯರ ಹಣೆ, ಮುಂಗೈಗಳ ಹಳೆಯ ಹಚ್ಚೆ ಹಸಿರು-ನೀಲಿಯಾಗಿ ಕಾಣುವುದಕ್ಕೆ ಸೊಪ್ಪಿನ ರಸ ಕಾರಣ ಎಂಬುದು ಇನ್ನೊಂದು ನಂಬಿಕೆ. ರಸ ಬೆರೆಸಿದರೂ ಎಲೆಹಸಿರು ಚರ್ಮದೊಳಗೆ ದಶಕಗಳ ಕಾಲ ಬಾಳುವ ವಸ್ತುವಲ್ಲ. ಉಳಿದಿರುವುದು ದೀಪದ ಮಸಿಯೇ. ಚರ್ಮ ನೀಲಿ ಬೆಳಕನ್ನು ಬೇಗ ಚದುರಿಸಿ ಹೊರಗೆ ಕಳಿಸುತ್ತದೆ, ಆಳಕ್ಕಿಳಿದ ಕೆಂಪನ್ನು ಇಂಗಾಲ ಹೀರುತ್ತದೆ. ರಕ್ತನಾಳಗಳು ನೀಲಿಯಾಗಿ ಕಾಣುವುದರಲ್ಲೂ ಈ ಚದುರುವಿಕೆಯ ಪಾಲಿದೆ.

ಮಸಿಯ ಮೇಲೆ ಹೊರಚರ್ಮದ ಮೆಲನಿನ್ ಸೋಸುಬಟ್ಟೆಯಂತೆ ಕವಿದಿರುವುದರಿಂದ ಕಂದು ಮೈಬಣ್ಣದ ಮೇಲೆ ಲೆಕ್ಕವೇ ಬೇರೆ. ಅಲ್ಲಿ ಸಿಗುವ ಅತಿ ತಿಳಿ ಛಾಯೆ ಎಂದರೆ ಆ ಮೈಬಣ್ಣವೇ. ತೆಳು ಬೂದು ಅದರಲ್ಲಿ ಮುಳುಗಿಹೋಗುತ್ತದೆ. ಕಣ್ಣಿನ ಹೊಳಪಿಗೆಂದು ಇಟ್ಟ ಬಿಳಿ ಚುಕ್ಕೆಯೂ ಗಾಯ ಮಾಗಿದ ಮೇಲೆ ಮಂಕಾಗುತ್ತದೆ. ಬಿಳಿಯರ ತೋಳಿನ ಟ್ಯಾಟೂ ಫೋಟೊ ತೋರಿಸಿ ಹಾಗೇ ಬೇಕೆನ್ನುವವರಿಗೆ ಇದನ್ನು ಮೊದಲೇ ಹೇಳಬೇಕು. ಪಟ್ಟೆಗಳನ್ನು ಕಡುಕಪ್ಪಾಗಿಸಿ, ಖಾಲಿ ಚರ್ಮವನ್ನು ಧಾರಾಳವಾಗಿ ಬಿಡುವುದೇ ಸರಿಯಾದ ದಾರಿ.

ಸೂಜಿ ಪ್ರತಿಯೊಬ್ಬರಿಗೂ ಹೊಸದಾಗಿರಬೇಕು. ಜಾತ್ರೆಯ ಅಂಗಡಿಯಲ್ಲಿ ಒಂದೇ ಸೂಜಿಯನ್ನು ಒರೆಸಿ ಹತ್ತು ಜನಕ್ಕೆ ಚುಚ್ಚುವುದು ಹೆಪಟೈಟಿಸ್ ಬಿ ಮತ್ತು ಸಿ ಹಂಚಿದಂತೆ. ಹೊಸ ಟ್ಯಾಟೂ ಮೊದಲು ಅತಿ ಕಪ್ಪಾಗಿ ಕಂಡು, ಹೊಪ್ಪಳೆ ಉದುರಿದ ಮೇಲೆ ತಿಳಿಯಾಗುತ್ತದೆ. ಆಮೇಲೆ ಅದನ್ನು ಮಾಸಿಸುವುದರಲ್ಲಿ ಬಿಸಿಲಿನ ಪಾತ್ರ ದೊಡ್ಡದು.

ಹುಲಿ ಬೇಡವೆನಿಸಿದರೆ ಲೇಸರ್ ಇದೆ. ಎಲ್ಲ ಬಗೆಯ ಬೆಳಕನ್ನೂ ಹೀರುವ ಕಪ್ಪು, ಬಣ್ಣಗಳಿಗಿಂತ ಸುಲಭವಾಗಿ ಒಡೆಯುತ್ತದೆ. ಪುಡಿಯಾದ ಕಣಗಳನ್ನು ದುಗ್ಧರಸ ಸಾಗಿಸುವ ಮೊದಲೇ ಅಕ್ಕಪಕ್ಕದ ಭಕ್ಷಕ ಕೋಶಗಳು ಮತ್ತೆ ಹಿಡಿಯುವುದರಿಂದ, ವಾರಗಳ ಬಿಡುವು ಕೊಟ್ಟು ಹಲವು ಸಲ ಲೇಸರ್ ಹಾಯಿಸಬೇಕಾಗುತ್ತದೆ. ಲೇಸರ್ ಜೊತೆಗೆ ಆ ಕೋಶಗಳನ್ನೂ ತಾತ್ಕಾಲಿಕವಾಗಿ ತಡೆದರೆ ಕೆಲಸ ಬೇಗ ಮುಗಿಯಬಹುದು ಎಂಬುದು ಮಾರ್ಸೇಯ್ ತಂಡದ ಸಲಹೆ.