ಕತ್ತಲಲ್ಲೂ ಗುರಿ ಮುಟ್ಟುವ ಪುಟ್ಟ ಕೈ

ನವಜಾತ ಶಿಶುವಿನ ಅಂಗೈಗೆ ನಿಮ್ಮ ಬೆರಳನ್ನು ತಾಗಿಸಿ. ಅದು ಬೆರಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ‘ಕೂಸು ನನ್ನ ಗುರುತು ಹಿಡಿಯಿತು’ ಎಂದು ಅಜ್ಜಿ ಹಿಗ್ಗಬಹುದು. ಆದರೆ ಇದು ಇಚ್ಛೆಯಿಂದ ನಡೆದ ಕೆಲಸವಲ್ಲ, ಸ್ಪರ್ಶದಿಂದ ತಾನಾಗಿ ಉಂಟಾಗುವ ಪರಾವರ್ತಿತ ಪ್ರತಿಕ್ರಿಯೆ. ಮಹಾಮಸ್ತಿಷ್ಕದ ಹೊರಪದರ ಬಲಿತು ಕೈಯನ್ನು ತನ್ನ ಹತೋಟಿಗೆ ತೆಗೆದುಕೊಂಡಂತೆ, ಸುಮಾರು 4ರಿಂದ 6 ತಿಂಗಳೊಳಗೆ ಈ ಪ್ರತಿಕ್ರಿಯೆ ಮರೆಯಾಗುತ್ತದೆ.

ಕಂಡ ವಸ್ತುವಿನತ್ತ ಕೈ ಚಾಚಿ ಹಿಡಿಯುವುದು ಬೇರೆಯೇ ಸಾಮರ್ಥ್ಯ. ಇದು ಸಾಮಾನ್ಯವಾಗಿ 3ರಿಂದ 5 ತಿಂಗಳ ನಡುವೆ ಮೂಡುತ್ತದೆ. ಮಗು ತನ್ನ ಕೈಯನ್ನೂ ವಸ್ತುವನ್ನೂ ಒಟ್ಟಿಗೆ ನೋಡುತ್ತಾ, ಅವುಗಳ ನಡುವಿನ ಅಂತರ ಕಡಿಮೆ ಮಾಡುತ್ತಾ ಇದನ್ನು ಕಲಿಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಇದು ನಿಜವೇ?

1993ರಲ್ಲಿ ಅಮೆರಿಕದ ರೇಚಲ್ ಕ್ಲಿಫ್ಟನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಕಗ್ಗತ್ತಲ ಕೋಣೆಯಲ್ಲಿ ಹೊಳೆಯುವ ಅಥವಾ ಸದ್ದು ಮಾಡುವ ಆಟಿಕೆಗಳನ್ನು ಮಕ್ಕಳ ಮುಂದೆ ಹಿಡಿದರು. ಮಕ್ಕಳಿಗೆ ತಮ್ಮ ಕೈ ಕಾಣುತ್ತಿರಲಿಲ್ಲ. ಆದರೂ ಬೆಳಕಿನಲ್ಲಿ ಹಿಡಿಯಲು ಕಲಿತ ವಯಸ್ಸಿನಲ್ಲೇ, ಹೆಚ್ಚುಕಡಿಮೆ, ಕತ್ತಲಲ್ಲೂ ಹಿಡಿದರು! ಅಂದರೆ ಕೈ ಎಲ್ಲಿದೆ ಎಂಬುದನ್ನು ಮಗು ಕಣ್ಣಿನಿಂದಲ್ಲ, ಸ್ನಾಯು ಮತ್ತು ಕೀಲುಗಳಿಂದ ಬರುವ ಸಂವೇದನೆಯಿಂದ ತಿಳಿಯಬಲ್ಲದು. ನಾವು ಕಣ್ಣುಮುಚ್ಚಿ ಮೂಗು ಮುಟ್ಟಿಕೊಳ್ಳುವುದೂ ಹೀಗೆಯೇ.

ಎಲ್ಲ ಮಕ್ಕಳೂ ಒಂದೇ ದಾರಿಯಲ್ಲಿ ಕಲಿಯುವುದಿಲ್ಲ. ಎಸ್ತರ್ ಥೆಲೆನ್ ತಂಡ ನಾಲ್ಕು ಶಿಶುಗಳನ್ನು ವಾರವಾರವೂ ಗಮನಿಸಿ, 1993ರಲ್ಲಿ ಇದನ್ನು ತೋರಿಸಿತು. ಕೈಯನ್ನು ರಭಸದಿಂದ ಬೀಸುವ ಮಗು ವೇಗ ತಗ್ಗಿಸಲು ಕಲಿಯಬೇಕು. ಸುಮ್ಮನಿರುವ ಮಗು ತೋಳೆತ್ತುವಷ್ಟು ಬಲ ಹಾಕಲು ಕಲಿಯಬೇಕು.

ಹಿಡಿತವೂ ಹಂತಹಂತವಾಗಿ ನಯಗೊಳ್ಳುತ್ತದೆ. ಮೊದಲು ಇಡೀ ಅಂಗೈಯಿಂದ ಬಾಚುವುದು. ಸುಮಾರು 6 ತಿಂಗಳಿಗೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದು. 9ರಿಂದ 12 ತಿಂಗಳಲ್ಲಿ ಹೆಬ್ಬೆರಳು, ತೋರುಬೆರಳುಗಳ ತುದಿಯಿಂದ ಅಕ್ಕಿಕಾಳನ್ನೂ ಹೆಕ್ಕುವುದು.

ಅಪಾಯವಿರುವುದೂ ಇಲ್ಲಿಯೇ. ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಕಡಲೆಬೀಜ, ಹುಣಿಸೆಬೀಜ, ಗುಂಡಿ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಗಡಿಯಾರದ ಬಿಲ್ಲೆಯಾಕಾರದ ಬ್ಯಾಟರಿ ಅನ್ನನಾಳವನ್ನೇ ಸುಡಬಲ್ಲದು. ಮಗು ಹೆಕ್ಕಲು ಕಲಿಯುವ ಮೊದಲೇ ನೆಲ ಗುಡಿಸಿಡಬೇಕು.

ಇನ್ನೊಂದು ಮಾತು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ‘ಎಡಚ’ ಎಂದು ನಕ್ಕು ಸುಮ್ಮನಾಗಬೇಡಿ. ಇನ್ನೊಂದು ಕೈ ದುರ್ಬಲವಾಗಿರುವ ಸೂಚನೆ ಅದಾಗಿರಬಹುದು. ಮೂರು ತಿಂಗಳ ನಂತರವೂ ಮುಷ್ಟಿ ಸದಾ ಬಿಗಿದೇ ಇದ್ದರೂ ವೈದ್ಯರಿಗೆ ತೋರಿಸಬೇಕು. ಬೇಗ ಗುರುತಿಸಿದಷ್ಟೂ ಚಿಕಿತ್ಸೆಯ ಪ್ರಯೋಜನ ಹೆಚ್ಚು.

ನಿಮ್ಮ ನೆರೆಮನೆಯಲ್ಲಿ ಹಸುಳೆಯಿದ್ದರೆ ಗಿಲಕಿಯೊಂದನ್ನು ಹಿಡಿದು ವಾರಕ್ಕೊಮ್ಮೆ ಗಮನಿಸಿ, ಬರೆದಿಡಿ. ಯಾವ ಉಪಕರಣವೂ ಬೇಡದ ಒಳ್ಳೆಯ ಪ್ರಯೋಗವಿದು.